ಊರ ಉಸಾಬರಿಯ ಪರವಾಗಿ ನಾಲ್ಕು ಮಾತು

ನಮ್ಮ ಕಡೆ ಇನ್ನೊಬ್ಬರ ಸಂಸಾರದ ವಿಷಯ ಮಾತಿಗೆ ಬರಬೇಕಾದರೆ ಮೊದಲು ಒಂದು ನಾಂದಿ ಆಗಬೇಕು. "ನಮಗ್ಯಾಕ್ರೀ ಊರ ಉಸಾಬರಿ?" ಇದನ್ನು ಹೇಳಿದವರು ಜೊತೆಗೇ ಕುರ್ಚಿಯನ್ನು ಅರ್ಧ ಅಡಿ ಮುಂದಕ್ಕೆ ಎಳೆದುಕೊಂಡರೋ, ಇನ್ನು ಮುಕ್ಕಾಲು ಗಂಟೆ ಊರ ಉಸಾಬರಿ ಬಿಟ್ಟು ಬೇರೇನೂ ನಡೆಯುವುದಿಲ್ಲ ಎಂದೇ ಲೆಕ್ಕ. ನಡುನಡುವೆ "ನಾನು ಹೇಳ್ತಿಲ್ಲಪ್ಪ, ಜನ ಹೇಳ್ತಾರೆ" ಎಂಬ ಪಲ್ಲವಿ. "ಪಾಪ, ಒಳ್ಳೆಯವರೇ, ಆದ್ರೂ..." ಎಂಬ ಅನುಪಲ್ಲವಿ. ಕೊನೆಯಲ್ಲಿ "ನನ್ನ ಹೆಸರು ಮಾತ್ರ ಎತ್ತಬೇಡಿ" ಎಂಬ ಮಂಗಳ.

ಇದನ್ನು ಬೈಯುವುದಕ್ಕೆ ನಾನು ಪೆನ್ನು ಹಿಡಿದಿಲ್ಲ. ಇನ್ನೊಬ್ಬರ ವಿಷಯ ಆಡಬಾರದು, ನಿಮ್ಮ ಎಲೆ ನೀವು ನೋಡಿಕೊಳ್ಳಿ ಎಂದು ಬುದ್ಧಿ ಹೇಳುವ ದೊಡ್ಡವರು ಹೇಗೂ ಇದ್ದಾರೆ. ಅವರು ಯಾರ್ಯಾರ ಎಲೆ ನೋಡಿ ಈ ಬುದ್ಧಿ ಹೇಳುತ್ತಿದ್ದಾರೆ ಎಂದು ನಾವೂ ಹಿಂದಿನಿಂದ ಆಡಿಕೊಳ್ಳುತ್ತಲೇ ಇದ್ದೇವೆ. ಮನುಷ್ಯನಿಗೆ ಮನುಷ್ಯನ ಮೇಲೆ ಈ ಕೆಟ್ಟ ಕುತೂಹಲ ಇಲ್ಲದೇ ಹೋಗಿದ್ದರೆ ಮಾಸ್ತಿಯವರು ಕಥೆ ಬರೆಯುತ್ತಿದ್ದದ್ದು ಯಾರ ಬಗ್ಗೆ? ಗೊರೂರರ 'ಹಳ್ಳಿಯ ಚಿತ್ರಗಳು' ಬರೀ ಗಿಡಮರದ ಚಿತ್ರಗಳಾಗಿ ಉಳಿಯುತ್ತಿತ್ತು. ನನ್ನ ದೂರು ಬೇರೆಯೇ. ನಾವು ಆಡಿಕೊಳ್ಳುವುದು ಸಾಲದು. ಅರ್ಧಕ್ಕೇ ನಿಲ್ಲಿಸುತ್ತೇವೆ. ಕಥೆ ಇನ್ನೇನು ರಂಗೇರಬೇಕು, ಅಷ್ಟರಲ್ಲಿ ತೀರ್ಪು ಕೊಟ್ಟು, ಸೆರಗೋ ಟವೆಲ್ಲೋ ಕೊಡವಿಕೊಂಡು ಎದ್ದುಬಿಡುತ್ತೇವೆ.

ನಿಜವಾದ ಕೋರ್ಟಿನಲ್ಲಾದರೆ ತಾತ ಹಾಕಿದ ಗಡಿ ತಕರಾರಿನ ದಾವೆ ಮೊಮ್ಮಗನ ಕಾಲಕ್ಕೆ ಇತ್ಯರ್ಥವಾಗುತ್ತದೆ. ವಾಯಿದೆ, ಸಾಕ್ಷಿ, ಪಾಟೀಸವಾಲು, ಮೇಲ್ಮನವಿ, ಮತ್ತೆ ವಾಯಿದೆ. ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನೆಲಮಹಡಿಯಿಂದ ನಾಲ್ಕನೆಯದು ತಲುಪುವಷ್ಟರಲ್ಲಿ ಇವೆಲ್ಲ ಮುಗಿದು ಬಾಗಿಲು ತೆರೆದುಕೊಳ್ಳುತ್ತದೆ. ಮೂವತ್ತೆರಡು ದಾಟಿದ ಹುಡುಗಿಗೆ ಮದುವೆಯಾಗಿಲ್ಲವೇ? "ತುಂಬಾ ಚೂಸಿ." ಯಾರೋ ಸೈಟು ಮಾರಿದರೇ? "ಷೇರು ಮಾರ್ಕೆಟ್ಟಿನ ಚಟ ಇರಬೇಕು." ಗಂಡ ಅಡುಗೆ ಮಾಡುತ್ತಾನೆಯೇ? "ಪಾಪ." ಹೆಂಡತಿ ಮಾಡುತ್ತಾಳೆಯೇ? ಅದು ಕೇಸೇ ಅಲ್ಲ, ವಜಾ.

ಹೋದರೆ ಹೋಗಲಿ, ಇದರಿಂದ ಆಡಿಸಿಕೊಂಡವರಿಗೆ ಏನು ನಷ್ಟವೋ ಅವರು ನೋಡಿಕೊಳ್ಳುತ್ತಾರೆ. ಆಡಿಕೊಂಡವರಿಗೆ ಆಗುವ ನಷ್ಟದ ಲೆಕ್ಕ ಮಾತ್ರ ಯಾರೂ ಬರೆದಿಟ್ಟಿಲ್ಲ. ಎದುರುಮನೆಯವರು ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿದರು ಅನ್ನಿ. "ಕಲಿಗಾಲ ಸ್ವಾಮಿ" ಎಂದು ನಾವು ತೀರ್ಪು ಕೊಟ್ಟೆವು, ಒಳಗೆ ಬಂದು ಕಾಫಿ ಕುಡಿದೆವು. ಕೆಲವು ವರ್ಷ ಹೋಗಲಿ. ನಮ್ಮ ಅಪ್ಪನಿಗೆ ಮರೆವು ಶುರುವಾಗುತ್ತದೆ. ರಾತ್ರಿ ಎರಡಕ್ಕೆ ಎದ್ದು, ಮಾರಿಹೋದ ಹಳೇ ಮನೆಗೆ ಹೋಗಬೇಕು ಎಂದು ಬಾಗಿಲ ಚಿಲಕ ತೆಗೆಯುತ್ತಾರೆ. ಆಗ ನಮಗೆ ಬೇಕಾದದ್ದು ಏನು? ಹೋಮ್ ನರ್ಸ್ ಎಲ್ಲಿ ಸಿಗುತ್ತಾರೆ, ತಿಂಗಳಿಗೆ ಎಷ್ಟು, ರಾತ್ರಿಪಾಳಿಗೆ ಬೇರೆ ದುಡ್ಡೇ, ಯಾವ ಆಶ್ರಮದಲ್ಲಿ ಹಾಸಿಗೆ ಹಿಡಿದವರನ್ನು ತೆಗೆದುಕೊಳ್ಳುತ್ತಾರೆ, ಅಲ್ಲಿ ಊಟಕ್ಕೆ ಉಪ್ಪು ಹಾಕುತ್ತಾರೋ ಇಲ್ಲವೋ, ಅಣ್ಣತಮ್ಮಂದಿರು ಖರ್ಚು ಹಂಚಿಕೊಳ್ಳುವಾಗ ಜಗಳವಾಗದ ಹಾಗೆ ಯಾರು ಮೊದಲು ಬಾಯಿ ತೆರೆಯಬೇಕು. ಇಷ್ಟೂ ಎದುರುಮನೆಯಲ್ಲಿ ಪುಕ್ಕಟೆ ಸಿಗುತ್ತಿತ್ತು. ನಾವು "ಕಲಿಗಾಲ" ಎಂಬ ನಾಲ್ಕಕ್ಷರ ತಗೊಂಡು ಬಂದಿದ್ದೆವು. ಈಗ ಅದೇ ಮನೆಯ ಬೆಲ್ ಒತ್ತಲು ಮುಖವಿಲ್ಲ.

ತೀರ್ಪು ಕೊಡದೆ ಇನ್ನೊಬ್ಬರ ಬದುಕಿನಿಂದ ಕಲಿಯುವ ಕಲೆಯಲ್ಲಿ ಪಳಗಿದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ ನಾನು ಭಾಗವತದ ಹನ್ನೊಂದನೆಯ ಸ್ಕಂಧದ ಕಡೆಗೆ ಕೈ ತೋರಿಸುತ್ತೇನೆ. ಅಲ್ಲಿ ಕೃಷ್ಣ ಉದ್ಧವನಿಗೆ, ಕಂಡ ಕಂಡದ್ದರ ಬದುಕು ನೋಡಿ ಪಾಠ ಕಲಿತು ಅವುಗಳನ್ನೇ ಗುರುಗಳೆಂದ ಒಬ್ಬ ಅವಧೂತನ ಕಥೆ ಹೇಳುತ್ತಾನೆ. ಆತ ದತ್ತಾತ್ರೇಯನೇ ಎಂಬುದು ನಮ್ಮ ಸಂಪ್ರದಾಯ. ಗಾಣಗಾಪುರದಲ್ಲೂ ಬಾಬಾಬುಡನ್‌ಗಿರಿಯಲ್ಲೂ ಆತನ ಹೆಸರಿಗೆ ಕೈಮುಗಿಯುವವರಿಗೆ ಈ ಇಪ್ಪತ್ತನಾಲ್ಕು ಗುರುಗಳ ವಿಷಯ ಗೊತ್ತೇ ಇರುತ್ತದೆ. ಯದು ಮಹಾರಾಜನಿಗೆ ಈ ಅವಧೂತ ದಾರಿಯಲ್ಲಿ ಸಿಗುತ್ತಾನೆ. ಯದು ಕೇಳುವ ಪ್ರಶ್ನೆಯನ್ನು ನಮ್ಮ ಆಡುಮಾತಿಗೆ ತಂದರೆ ಹೀಗಿರುತ್ತದೆ: "ಓದಿದೀಯ, ಲಕ್ಷಣವಾಗಿದೀಯ, ಮಾತು ಬಲ್ಲೆ, ಕೈಲಿ ಕಸುಬೂ ಇದೆ. ಆದರೂ ಏನೂ ಮಾಡದೆ ಹುಚ್ಚನ ಹಾಗೆ ತಿರುಗ್ತಿದೀಯಲ್ಲ, ಅದು ಹೆಂಗಪ್ಪಾ ಇಷ್ಟು ಖುಷಿಯಾಗಿದೀಯ?"

ಕೆಲಸ ಬಿಟ್ಟು ಮನೆಯಲ್ಲಿರುವ ಇಂಜಿನಿಯರ್ ಹುಡುಗನನ್ನು ಛತ್ರದಲ್ಲಿ ಹಿಡಿದು ನಮ್ಮ ಸೋದರಮಾವಂದಿರು ಕೇಳುವುದೂ ಪದಶಃ ಇದನ್ನೇ, ಕೊನೆಯ ನಾಲ್ಕು ಪದ ಬಿಟ್ಟು. ಮಾವ ಪ್ರಶ್ನೆ ಕೇಳಿ, ಹುಡುಗ ಬಾಯಿ ತೆರೆಯುವಷ್ಟರಲ್ಲಿ "ಏಯ್, ಹೋಳಿಗೆ ಇತ್ಲಾಗೆ" ಎಂದು ತಿರುಗಿಬಿಡುತ್ತಾರೆ. ಯದು ರಾಜ್ಯಭಾರ ಬಿಟ್ಟು ನಿಂತು ಪೂರಾ ಉತ್ತರ ಕೇಳಿಸಿಕೊಂಡ. ಆ ಉತ್ತರ ಮೂರು ಅಧ್ಯಾಯ ಆಯಿತು. ಪ್ರಶ್ನೆ ಒಂದೇ, ಕೇಳಿದವನ ಕಿವಿ ಬೇರೆ.

ಅವಧೂತ ಕೊಟ್ಟ ಗುರುಗಳ ಪಟ್ಟಿಯನ್ನು ಒಮ್ಮೆ ನಮ್ಮ ಲಿಫ್ಟಿನ ಪೀಠದ ಮುಂದೆ ಇಟ್ಟು ನೋಡೋಣ. ಹೆಬ್ಬಾವು: ತಾನಾಗಿ ಬಾಯಿಗೆ ಬಂದದ್ದನ್ನು ತಿಂದು ಬಿದ್ದುಕೊಂಡಿರುತ್ತದೆ. ನಮ್ಮ ತೀರ್ಪು: ಅಪ್ಪ ಮಾಡಿಟ್ಟ ಆಸ್ತಿ ಇರಬೇಕು. ಹಾವು: ಸ್ವಂತ ಮನೆ ಕಟ್ಟದೆ ಬೇರೆಯವರು ಕಟ್ಟಿದ ಹುತ್ತದಲ್ಲಿ ಇರುತ್ತದೆ. ತೀರ್ಪು: ಇಷ್ಟು ವರ್ಷ ದುಡಿದು ಒಂದು ಸೈಟು ಮಾಡಿಕೊಳ್ಳಲಿಲ್ಲ. ಬಾಣ ಮಾಡುವವನು: ಅಂಗಡಿಯ ಮುಂದೆ ರಾಜನ ಮೆರವಣಿಗೆ ವಾದ್ಯಸಮೇತ ಹಾದುಹೋದರೂ ತಲೆಯೆತ್ತಲಿಲ್ಲ. ತೀರ್ಪು: ಏನು ಕೊಬ್ಬು! ಇನ್ನು ಆ ಹುಡುಗಿ. ಮನೆಯವರು ಯಾರೂ ಇಲ್ಲದ ಹೊತ್ತಿನಲ್ಲಿ ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರ ಊಟಕ್ಕೆ ಭತ್ತ ಕುಟ್ಟಬೇಕು. ಕುಟ್ಟಿದರೆ ಬಳೆ ಸದ್ದಾಗುತ್ತದೆ, ಕುಟ್ಟುವುದಕ್ಕೆ ಆಳಿಲ್ಲದ ಮನೆ ಎಂದು ಗೊತ್ತಾಗುತ್ತದೆ. ಅವಳು ಒಂದೊಂದೇ ಬಳೆ ಒಡೆಯುತ್ತ ಬಂದು ಕೈಗೆ ಒಂದೊಂದು ಉಳಿಸಿಕೊಂಡಳು, ಸದ್ದು ನಿಂತಿತು. ಅವಧೂತ ಇದರಿಂದ ಇಬ್ಬರಿದ್ದರೂ ಮಾತು, ಒಬ್ಬನೇ ಇದ್ದರೆ ನೆಮ್ಮದಿ ಎಂದು ಕಲಿತುಕೊಂಡ. ನನ್ನನ್ನು ಕೇಳಿದರೆ ಅವನು ಕಲಿತದ್ದಕ್ಕಿಂತ ಹುಡುಗಿಯ ಸಮಯಸ್ಫೂರ್ತಿಯೇ ದೊಡ್ಡದು. ಇರಲಿ, ಗುರು ಒಬ್ಬರೇ ಆದರೂ ಶಿಷ್ಯರು ತಮಗೆ ಬೇಕಾದ ಪಾಠವನ್ನೇ ಎತ್ತಿಕೊಳ್ಳುವುದು. ನಮ್ಮ ಪೀಠದ ತೀರ್ಪು ಏನಿರಬಹುದು ಎಂದು ಬೇರೆ ಹೇಳಬೇಕೆ? "ದೊಡ್ಡವರಿಲ್ಲದಾಗ ಗಂಡಿನವರನ್ನ ಒಳಗೆ ಕೂರಿಸಿಕೊಂಡಿದಾಳೆ. ಎಂಥಾ ಮನೆತನ!"

ಪಟ್ಟಿಯನ್ನು ಇನ್ನೊಂದು ಸಲ ಓದಿ. ಅದರಲ್ಲಿ ಒಬ್ಬನೇ ಒಬ್ಬ ಋಷಿ ಇಲ್ಲ. ರಾಜನೂ ಇಲ್ಲ. ಮನುಷ್ಯರೆಂದರೆ ಜೇನು ಕೀಳುವವನು, ಒಂದು ಮಗು, ಈ ಹುಡುಗಿ, ಬಾಣದವನು ಮತ್ತು ಪಿಂಗಳೆ ಎಂಬ ವೇಶ್ಯೆ. ಮಿಕ್ಕವೆಲ್ಲ ಪಂಚಭೂತ, ಸೂರ್ಯ, ಚಂದ್ರ, ಸಮುದ್ರ, ಪ್ರಾಣಿ, ಪಕ್ಷಿ, ಹುಳ. ಇನ್ನೊಂದು ವಿಷಯ, ಗುರು ಅಂದ ಮಾತ್ರಕ್ಕೆ ಅವರೆಲ್ಲ ಸರಿ ಮಾಡಿದರು ಎಂದು ಅವಧೂತ ಎಲ್ಲೂ ಹೇಳುವುದಿಲ್ಲ. ಮೀನು ಗಾಳದ ರುಚಿಗೆ ಸತ್ತಿತು, ಪತಂಗ ದೀಪಕ್ಕೆ ಬಿತ್ತು, ಪಾರಿವಾಳ ಮರಿಗಳ ಹಿಂದೆಯೇ ಬಲೆಗೆ ಹಾರಿತು. ಇವೆಲ್ಲ ಹೀಗೆ ಮಾಡಬಾರದು ಎಂಬ ಪಾಠಗಳು. ಆದರೂ ಅವನ ಬಾಯಲ್ಲಿ "ಥೂ, ಆ ಮೀನಿಗೆ ಬುದ್ಧಿ ಬೇಡವಾ" ಎಂಬ ಮಾತಿಲ್ಲ. ಪಾಠ ಹೇಳಿಸಿಕೊಂಡ ಮೇಲೆ ಮೇಷ್ಟ್ರನ್ನು ಬೈಯುವುದು ಹೇಗೆ?

ಪಿಂಗಳೆಯ ಹತ್ತಿರ ಸ್ವಲ್ಪ ನಿಲ್ಲಬೇಕು. ವಿದೇಹ ನಗರದಲ್ಲಿ ಅವಳು ಸಂಜೆ ಅಲಂಕರಿಸಿಕೊಂಡು ಬಾಗಿಲಿಗೆ ಬಂದು ನಿಂತಳು. ಬೀದಿಯಲ್ಲಿ ಹೋಗುವ ಒಬ್ಬೊಬ್ಬನನ್ನೂ ನೋಡಿ, ಇವನ ಹತ್ತಿರ ದುಡ್ಡಿರಬಹುದು, ಇವನು ಬರಬಹುದು ಅಂದುಕೊಳ್ಳುತ್ತಾಳೆ. ಅವನು ಹೋದ. ಇನ್ನೊಬ್ಬ ದೊಡ್ಡ ಕುಳ ಬರಬಹುದು. ಒಳಗೆ ಹೋಗುತ್ತಾಳೆ, ನಿದ್ದೆ ಬರುವುದಿಲ್ಲ, ಮತ್ತೆ ಹೊರಗೆ. ಹೀಗೇ ನಡುರಾತ್ರಿಯಾಯಿತು. ಯಾರೂ ಬರಲಿಲ್ಲ. ಆಗ ಅವಳಿಗೆ ತನ್ನ ಕಾಯುವಿಕೆಯ ಮೇಲೇ ಹೇಸಿಗೆ ಹುಟ್ಟಿತು. ತನಗೆ ತಾನೇ ಉದ್ದಕ್ಕೆ ಮಾತಾಡಿಕೊಂಡಳು, ಆಸೆಯನ್ನು ಕಳಚಿಟ್ಟಳು, ಹೋಗಿ ಸುಖವಾಗಿ ಮಲಗಿದಳು. ನೀವು ಅವಳ ಬೀದಿಯ ಎದುರುಮನೆಯವರಾಗಿದ್ದರೆ ಏನು ಮಾಡುತ್ತಿದ್ದಿರಿ? ಸಂಜೆ ಏಳಕ್ಕೇ ತೀರ್ಪು ಬರೆದು, ಕಿಟಕಿ ಎಳೆದು, ಧಾರಾವಾಹಿ ನೋಡಲು ಕೂರುತ್ತಿದ್ದಿರಿ. ಪಿಂಗಳೆಯ ಕಥೆ ಶುರುವಾಗುವುದೇ ನಡುರಾತ್ರಿಗೆ. ಅವಧೂತನೇನು ನಮಗಿಂತ ಕಡಿಮೆ ಕಿಟಕಿ ನೋಡುವವನೇ? ನಮಗಿಂತ ಹೆಚ್ಚು ನೋಡಿದವನು. ಕಡೆಯವರೆಗೂ ನೋಡಿದ, ಅಷ್ಟೇ.

ಭಾಗವತದ ಪಿಂಗಳೆಯನ್ನು ಓದಿ ಪುಸ್ತಕ ಕಣ್ಣಿಗೊತ್ತಿಕೊಂಡ ಇದೇ ಸಮಾಜದ ಮುಂದೆ ನಿಜವಾದ ಒಬ್ಬ ಗಣಿಕೆ ಕಾವ್ಯ ಬರೆದುಕೊಂಡು ಬಂದರೆ ಏನಾಗುತ್ತದೆ? ಅದೂ ಆಗಿಹೋಗಿದೆ. ಹದಿನೆಂಟನೆಯ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಬರೆದಳು. ರಾಧೆ ತಾನೇ ಸಾಕಿದ ಇಳಾ ಎಂಬ ಹುಡುಗಿಯನ್ನು ಕೃಷ್ಣನಿಗೆ ಮದುವೆ ಮಾಡಿಸಿ, ಆಮೇಲೆ ಹೊಟ್ಟೆಕಿಚ್ಚಿನಲ್ಲಿ ಬೇಯುತ್ತಾಳೆ, ಕೃಷ್ಣ ಬಂದು ಸಮಾಧಾನ ಮಾಡಬೇಕಾಗುತ್ತದೆ. ಶೃಂಗಾರವೇನೂ ಕಡಿಮೆಯಿಲ್ಲ. ಈ ಕಾವ್ಯದ ಬಗ್ಗೆ ಕಂದುಕೂರಿ ವೀರೇಶಲಿಂಗಂ ಪಂತುಲು ತಮ್ಮ 'ಆಂಧ್ರ ಕವುಲ ಚರಿತ್ರಮು'ವಿನಲ್ಲಿ ತೀರ್ಪು ಕೊಟ್ಟರು. ಇವಳು ಜಾರಿಣಿ, ಇದರಲ್ಲಿನ ಎಷ್ಟೋ ಭಾಗ ಹೆಣ್ಣಿನ ಬಾಯಲ್ಲಿ ಬರುವುದಿರಲಿ, ಹೆಣ್ಣಿನ ಕಿವಿಗೂ ಬೀಳಬಾರದು ಎಂಬ ಅರ್ಥದ ಮಾತು. ಕವಿತೆಗೆ ಕೊಡಬೇಕಾದ ಅಂಕವನ್ನು ಕವಯಿತ್ರಿಯ ನಡತೆಗೆ ಕೊಟ್ಟು ಕೂಡಿಸಿದರು.

ಆ ಕಾವ್ಯ ನಮ್ಮ ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರ ಕೈಗೆ ಸಿಕ್ಕಿತು. ಆಕೆಯೂ ದೇವದಾಸಿ ಮನೆತನದವರು, ಕಛೇರಿ ಮಾಡಿ ಹೆಸರು ಗಳಿಸಿ ಮದ್ರಾಸಿನಲ್ಲಿ ನೆಲೆಯಾದವರು. ಮೊದಲು ಸಿಕ್ಕ ಮುದ್ರಿತ ಪ್ರತಿ ಹರಕುಮುರುಕು. ಹಸ್ತಪ್ರತಿ ತರಿಸಿ ಹೋಲಿಸಿ ನೋಡಿದರೆ, ಮುದ್ರಿಸಿದವರು ಪದ್ಯಗಳನ್ನಷ್ಟೇ ಅಲ್ಲ, ಮುದ್ದುಪಳನಿ ತನ್ನ ಬಗ್ಗೆ, ತನ್ನ ಅಜ್ಜಿಯ ಬಗ್ಗೆ ಹೇಳಿಕೊಂಡ ಪೀಠಿಕೆಯನ್ನೂ ತೆಗೆದುಹಾಕಿದ್ದರು. ನೋಡಿ, ಕತ್ತರಿ ಸರಿಯಾಗಿ ಅಲ್ಲಿಗೇ ಹೋಗಿದೆ: ಹೆಂಗಸೊಬ್ಬಳು ತಾನು ಯಾರು ಎಂದು ತಾನೇ ಹೇಳಿಕೊಂಡ ಜಾಗಕ್ಕೆ. ನಾಗರತ್ನಮ್ಮ 1910ರಲ್ಲಿ ಕಾವ್ಯವನ್ನು ಪೂರ್ತಿ ಅಚ್ಚು ಹಾಕಿಸಿದರು. ನಾಚಿಕೆ ಬರೀ ಹೆಂಗಸರಿಗೇ ಮೀಸಲೇ, ಗಂಡಸರು ಬರೆದ, ಪಂತುಲು ಅವರೇ ಒಪ್ಪಿದ ಕಾವ್ಯಗಳಲ್ಲಿ ಇದಕ್ಕಿಂತ ಹೆಚ್ಚು ಇಲ್ಲವೇ ಎಂದು ಕೇಳಿಯೂ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿ ಪ್ರತಿಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ನಿಷೇಧ ತೆರವಾಗಲು ಮದ್ರಾಸಿನಲ್ಲಿ ಟಂಗುಟೂರಿ ಪ್ರಕಾಶಂ ಅವರ ಸರ್ಕಾರ ಬರಬೇಕಾಯಿತು.

ಆ ಹೊತ್ತಿಗೆ ನಾಗರತ್ನಮ್ಮ ಏನು ಮಾಡಿದ್ದರು? ತಿರುವೈಯಾರಿನಲ್ಲಿ ಹಾಳು ಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯನ್ನೆಲ್ಲ ಸುರಿದು ಗುಡಿ ಕಟ್ಟಿಸಿದ್ದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. ಆಕೆ 1927ರಲ್ಲಿ ಹೆಂಗಸರದೇ ಗುಂಪು ಕಟ್ಟಿ ಹಾಡಿದರು. ಈಗ ಪ್ರತಿವರ್ಷ ಪುಷ್ಯ ಬಹುಳ ಪಂಚಮಿಗೆ ಟೀವಿಯ ಮುಂದೆ ಕೂತು ಪಂಚರತ್ನ ಕೃತಿಗಳಿಗೆ ತಾಳ ಹಾಕುವ ನಮ್ಮ ಮನೆಗಳಲ್ಲಿ, ಆ ಗುಡಿ ಕಟ್ಟಿಸಿದ್ದು ಯಾರು ಎಂದು ಕೇಳಿ ನೋಡಿ. ಉತ್ತರ ಗೊತ್ತಿರುವವರು ಕಡಿಮೆ. ಗೊತ್ತಿರುವವರಲ್ಲೂ ಕೆಲವರು ದನಿ ತಗ್ಗಿಸಿ ಹೇಳುತ್ತಾರೆ.

ಈಗ ನಿಮಗೆ ವೀರೇಶಲಿಂಗಂ ಮೇಲೆ ಸಿಟ್ಟು ಬಂದಿರಬೇಕು. ಬರಲೆಂದೇ ನಾನೂ ಹಾಗೆ ಹೇಳಿದೆ. ಆದರೆ ಲಿಫ್ಟಿನ ಬಾಗಿಲು ತೆರೆಯುವ ಮುನ್ನ ಇನ್ನೊಂದು ಸಾಕ್ಷಿ ಕೇಳಿಬಿಡಿ. ಇದೇ ವೀರೇಶಲಿಂಗಂ 1881ರ ಡಿಸೆಂಬರಿನಲ್ಲಿ ರಾಜಮಂಡ್ರಿಯಲ್ಲಿ ಊರಿಗೆ ಊರೇ ಎದುರು ನಿಂತಾಗ ವಿಧವಾವಿವಾಹ ಮಾಡಿಸಿದವರು, ಬಹಿಷ್ಕಾರ ತಿಂದವರು, ಹೆಣ್ಣುಮಕ್ಕಳಿಗೆ ಶಾಲೆ ತೆರೆದವರು. ಜಗತ್ತಿನ ನಿಂದೆಯನ್ನೆಲ್ಲ ಎದುರಿಸಿ ಒಬ್ಬ ವಿಧವೆಯ ಬದುಕನ್ನು ಒಳಹೊಕ್ಕು ನೋಡಬಲ್ಲ ಮನುಷ್ಯನಿಗೆ ಒಬ್ಬ ಗಣಿಕೆಯ ಪದ್ಯ ಕಾಣಲಿಲ್ಲ. ಒಳ್ಳೆಯ ಕೆಲಸ ಮಾಡಿದವರಿಗೆ ತಮ್ಮ ಒಳ್ಳೆಯತನದ ಅಳತೆಗೋಲು ಎಲ್ಲರಿಗೂ ಸರಿಹೋಗುತ್ತದೆ ಎಂಬ ಭ್ರಮೆ ಬರುವುದು ಹೇಗೆ? ಸಮಾಜಸೇವೆಯ ಸಮಿತಿಗಳಲ್ಲಿ ಇರುವ ನಮ್ಮ ಸ್ನೇಹಿತರು ಕಲಿಯಬೇಕಾದ ದೊಡ್ಡ ಪಾಠ ಅದು. ಪಂತುಲು ಅವರನ್ನು ಖಳನಾಯಕ ಮಾಡಿದರೆ ಅದು ಕೈಗೆ ಸಿಗುವುದಿಲ್ಲ. ನ್ಯಾಯಾಧೀಶನ ಬದುಕೂ ಒಂದು ಬದುಕೇ ತಾನೆ.

ಇಷ್ಟು ಹೊತ್ತಿಗೆ ಯಾರಾದರೂ ಬಸವಣ್ಣನವರ ವಚನ ಎತ್ತಿರುತ್ತಾರೆ, ಲೋಕದ ಡೊಂಕಿನದ್ದು. ನಮ್ಮಲ್ಲಿ ಆ ವಚನ ಬಾಯಿಪಾಠ ಇಲ್ಲದವರು ಯಾರು? ಆದರೆ ಅದನ್ನು ಕನ್ನಡಿಯ ಮುಂದೆ ನಿಂತು ಹೇಳಿಕೊಂಡವರನ್ನು ನಾನು ಕಂಡಿಲ್ಲ. ಯಾವಾಗ ಕೇಳಿದರೂ ಅದನ್ನು ಇನ್ನೊಬ್ಬರ ಡೊಂಕು ತಿದ್ದುವುದಕ್ಕೇ ಬಳಸುತ್ತಿರುತ್ತಾರೆ.

ಬೈಗುಳದ ತೀರ್ಪಿಗಿಂತ ಅಪಾಯದ ಇನ್ನೊಂದು ತೀರ್ಪಿದೆ, ಹೊಗಳಿಕೆಯದು. ವಿಶ್ವೇಶ್ವರಯ್ಯನವರು ಬೀದಿದೀಪದ ಕೆಳಗೆ ಓದಿದರಂತೆ ಎಂದು ಹೇಳಿ ಹೇಳಿ ನಾಲ್ಕು ತಲೆಮಾರಿನ ಮಕ್ಕಳ ನಿದ್ದೆ ಕೆಡಿಸಿದ್ದೇವೆ. ಅಂಥ ಮಗುವೊಂದು "ಹಾಗಾದ್ರೆ ಟ್ಯೂಬ್‌ಲೈಟ್ ಆರಿಸ್ಲಾ?" ಎಂದು ಕೇಳಿದರೆ ಅದಕ್ಕೂ ಏಟು. ಅಣೆಕಟ್ಟಿನಲ್ಲಿ ಪ್ರವಾಹದ ನೀರು ಸುಮ್ಮನೆ ಮೇಲಿನಿಂದ ಹರಿದುಹೋಗುವುದನ್ನು ನೋಡಿ, ನೀರು ಒಂದು ಮಟ್ಟ ಮುಟ್ಟಿದಾಗ ತಾನಾಗಿ ತೆರೆದು, ಇಳಿದಾಗ ತಾನಾಗಿ ಮುಚ್ಚಿಕೊಳ್ಳುವ ಗೇಟು ಮಾಡಿದರಲ್ಲ, 1903ರಲ್ಲಿ ಪುಣೆಯ ಖಡಕ್‌ವಾಸ್ಲಾಕ್ಕೆ ಅದನ್ನು ಹಾಕಿದರಲ್ಲ, ಅದು ಹೇಗೆ ಕೆಲಸ ಮಾಡುತ್ತಿತ್ತು ಎಂದು ಯಾವ ಅಪ್ಪ ಮಗನ ಹತ್ತಿರ ಕೂತು ಚಿತ್ರ ಬರೆದು ತೋರಿಸಿದ್ದಾನೆ? ಮಹಾತ್ಮ ಎಂದು ಪಟ್ಟ ಕಟ್ಟಿದ ಮೇಲೆ ಆ ಮನುಷ್ಯನಿಂದ ಕಲಿಯುವ ಕಷ್ಟ ತಪ್ಪುತ್ತದೆ. ಹಾರ ಹಾಕಿದರೆ ಆಯಿತು, ಸೆಪ್ಟೆಂಬರ್ 15ಕ್ಕೆ.

ಮಕ್ಕಳ ವಿಷಯದಲ್ಲಂತೂ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೀದಿಗೊಂದು ಸುಪ್ರೀಂ ಕೋರ್ಟು. ನಾಟಕಕಾರ ಕೈಲಾಸಂ ಇದನ್ನು ನೂರು ವರ್ಷದ ಹಿಂದೆಯೇ ನೋಡಿ ನಕ್ಕು, ಪಾಸಾಗುವ ಮಗನೊಬ್ಬ, ಫೇಲಾಗುವ ಮಗನೊಬ್ಬ ಇರುವ 'ಟೊಳ್ಳುಗಟ್ಟಿ' ಬರೆದರು. ತಮಾಷೆ ಎಂದರೆ ಅವರು ನ್ಯಾಯಾಧೀಶ ಪರಮಶಿವ ಅಯ್ಯರ್ ಅವರ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. ಸರ್ಕಾರಿ ಕೆಲಸ ಬಿಟ್ಟು, ಸಿಗರೇಟು ಹಚ್ಚಿಕೊಂಡು, ನಾಟಕ ಹೇಳಿ ಬರೆಸುತ್ತ ಕೂತರು. ಊರು ಅವರ ಮೇಲೆ ಕೊಟ್ಟ ತೀರ್ಪುಗಳನ್ನು ಒಟ್ಟುಮಾಡಿದ್ದರೆ ಅದೇ ಒಂದು ಸಂಪುಟ ಆಗುತ್ತಿತ್ತು. ಊರಿನ ಮೇಲೆ ಅವರು ಬರೆದದ್ದನ್ನು ನಾವು ಈಗಲೂ ಆಡುತ್ತೇವೆ.

ಶಿವರಾಮ ಕಾರಂತರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಊರಿನವರಿಗೆ ಕೆಲಸವೇ ಇಲ್ಲದಂತೆ ಮಾಡಿದರು. ಜನ ಹುಚ್ಚ ಅನ್ನುವ ಮೊದಲೇ ತಮ್ಮ ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದು ತಾವೇ ಹೆಸರಿಟ್ಟುಕೊಂಡರು. ಅಸಹಕಾರ ಚಳವಳಿಯ ಕಾಲದಲ್ಲಿ ಕಾಲೇಜು ಬಿಟ್ಟರು, ಪತ್ರಿಕೆ ಮಾಡಿದರು, ನಾಟಕ ಆಡಿದರು, ಮೂಕಿ ಚಿತ್ರ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಮಕ್ಕಳಿಗೆ ಒಬ್ಬರೇ ವಿಶ್ವಕೋಶ ಬರೆದರು, ಜಾತಿ ಬಿಟ್ಟು ಮದುವೆಯಾದರು, ಯಕ್ಷಗಾನಕ್ಕೆ ಕೈಹಾಕಿ ಬೈಸಿಕೊಂಡರು, ತುರ್ತುಪರಿಸ್ಥಿತಿಯಲ್ಲಿ ಪದ್ಮಭೂಷಣ ವಾಪಸು ಕೊಟ್ಟರು, ಕೈಗಾ ಅಣುಸ್ಥಾವರದ ವಿರುದ್ಧ ಕಾದಾಡುತ್ತ 1989ರಲ್ಲಿ, ಎಂಬತ್ತೇಳರ ವಯಸ್ಸಿನಲ್ಲಿ, ಲೋಕಸಭೆಗೆ ನಿಂತು ಸೋತರು. ಒಂದೊಂದಕ್ಕೂ ಒಂದೊಂದು ತೀರ್ಪು ಕೊಡುತ್ತ ಕೂತರೆ ನಮ್ಮ ಆಯಸ್ಸು ಸಾಲದು. ನನಗೆ ಆ ಬದುಕಿನಲ್ಲಿ ಕೇಳಬೇಕೆನಿಸುವುದು ಸಣ್ಣ ಪ್ರಶ್ನೆ: ಇಷ್ಟು ಮಾಡುವವರಿಗೆ, ಒಂದು ಕೆಲಸ ಕೈಹತ್ತುತ್ತಿಲ್ಲ ಎಂದು ತಿಳಿದು ಬಿಡುವುದು ಯಾವಾಗ ಎಂದು ಹೇಗೆ ಗೊತ್ತಾಗುತ್ತದೆ? ಮೂಕಿ ಚಿತ್ರ ಬಿಟ್ಟರು, ಮಕ್ಕಳಿಗೆ ವಿಜ್ಞಾನ ಹೇಳುವುದನ್ನು ಬಿಡಲಿಲ್ಲ. ಜಿಮ್‌ಗೆ ವರ್ಷದ ಹಣ ಕಟ್ಟಿ ಎರಡನೇ ವಾರಕ್ಕೆ ಬಿಡುವವರಿಗೂ, ಮುಳುಗುತ್ತಿರುವ ಅಂಗಡಿಯನ್ನು ಮರ್ಯಾದೆಗಂಜಿ ನಡೆಸುತ್ತಿರುವವರಿಗೂ ಇದು ಉಪಯೋಗಕ್ಕೆ ಬರುವ ಪ್ರಶ್ನೆ.

ಕನ್ನಡದಲ್ಲಿ ಉಸಾಬರಿಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರು ಡಿ.ವಿ. ಗುಂಡಪ್ಪನವರು. 'ಜ್ಞಾಪಕ ಚಿತ್ರಶಾಲೆ'ಯ ಎಂಟು ಸಂಪುಟ ಮತ್ತೇನು? ದಿವಾನರು, ವೈದಿಕರು, ಸಂಗೀತಗಾರರು, ಹೆಸರಿಲ್ಲದ ಸಜ್ಜನರು ಎಲ್ಲರ ವಿಷಯವನ್ನೂ ಕೂತು ಆಡಿದ್ದಾರೆ. ಯಾರು ಹೇಗೆ ಪಂಚೆ ಉಡುತ್ತಿದ್ದರು, ಯಾರಿಗೆ ಯಾವ ತಿಂಡಿ ಇಷ್ಟ, ಯಾರಿಗೆ ಎಲ್ಲಿ ಸಿಟ್ಟು ಬಂತು, ಬಂದ ಸಿಟ್ಟು ಹೇಗೆ ಇಳಿಯಿತು. ದೋಷ ಕಾಣದವರಲ್ಲ, ಪತ್ರಿಕೆ ನಡೆಸಿದವರಿಗೆ ದೋಷ ಕಾಣುವುದೇ ಕಸುಬು. ಆದರೆ ಓದಿ ಮುಗಿಸಿದಾಗ ಆ ಮನುಷ್ಯನ ಜೊತೆ ಒಂದು ಮಧ್ಯಾಹ್ನ ಕಳೆದಂತೆ ಇರುತ್ತದೆ, ಅವನಿಗೆ ಎಷ್ಟು ಅಂಕ ಎಂಬ ಯೋಚನೆ ಬರುವುದಿಲ್ಲ. ಮೆಟ್ರಿಕ್ಯುಲೇಷನ್ ದಾಟದ ಡಿ.ವಿ.ಜಿ.ಯವರಿಗೆ ಅಂಕಪಟ್ಟಿಯ ಮೇಲೆ ಅಷ್ಟೇನೂ ಗೌರವ ಇಲ್ಲದೇ ಇದ್ದದ್ದು ಕನ್ನಡಕ್ಕೆ ಲಾಭವೇ ಆಯಿತು.

ಹಾಗಾದರೆ ಯಾವುದನ್ನೂ ತಪ್ಪು ಅನ್ನಬಾರದೇ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಅನ್ನಬೇಕು ಮಹರಾಯರೇ. ಪಕ್ಕದ ಮನೆಯಲ್ಲಿ ಗಂಡ ಹೆಂಡತಿಗೆ ಹೊಡೆಯುವ ಸದ್ದು ಬಂದರೆ "ಆಮೇಲೆ?" ಎನ್ನುತ್ತ ಕಿವಿ ಕೊಟ್ಟು ಕೂರಬಾರದು, 112ಕ್ಕೆ ಫೋನು ಮಾಡಬೇಕು. ಆದರೆ ನಮ್ಮ ಪೀಠದ ವಿಶೇಷ ನೋಡಿ. ಆ ಹೆಂಡತಿ ಹಾಕಿದ ಬಟ್ಟೆಯ ಮೇಲೆ ಐದು ಪುಟದ ತೀರ್ಪು ಬರೆದ ಇದೇ ಪೀಠ, ಅವಳ ಮೇಲೆ ಏಟು ಬಿದ್ದ ರಾತ್ರಿ ಟೀವಿಯ ಸದ್ದು ಏರಿಸಿ, "ಗಂಡ ಹೆಂಡತಿ ವಿಷಯ, ನಮಗ್ಯಾಕೆ" ಎಂದು ಕೇಸನ್ನು ವಿಚಾರಣೆಗೇ ತೆಗೆದುಕೊಳ್ಳುವುದಿಲ್ಲ. ಅಧಿಕಾರವ್ಯಾಪ್ತಿ ಎಲ್ಲಿ ಮುಗಿಯುತ್ತದೆ ಎಂಬುದು ಅದಕ್ಕೆ ಬಹಳ ಚೆನ್ನಾಗಿ ಗೊತ್ತು.

ಇರಲಿ, ಒಂದು ಊಟದ ಪಂಕ್ತಿಯ ವಿಷಯ ಹೇಳುತ್ತೇನೆ. ಈಚೆಗೆ ಒಂದು ಮದುವೆಯಲ್ಲಿ ನನ್ನ ಪಕ್ಕ ಕೂತ ಹಿರಿಯರು ಪಲ್ಯ ಬರುವ ಮೊದಲೇ ನಾಂದಿ ಹಾಡಿದರು. "ನಮಗ್ಯಾಕೆ ಊರ ಉಸಾಬರಿ. ಆದ್ರೂ ನೋಡಿ, ಅವರ ಮಗ ಅಮೆರಿಕದಲ್ಲಿ ಅಷ್ಟು ದೊಡ್ಡ ಕೆಲಸ, ಬಿಟ್ಟು ಬಂದು ಊರಲ್ಲಿ ಹಸು ಸಾಕ್ತಿದಾನಂತೆ." ಧ್ವನಿ ಆಗಲೇ ತೀರ್ಪಿನ ದಾರಿ ಹಿಡಿದಿತ್ತು.

ನಾನು ಕೇಳಿದೆ: "ಎಷ್ಟು ಹಸು?"

ಅವರಿಗೆ ಇದು ಅನಿರೀಕ್ಷಿತ. "ಎಷ್ಟೋ ಇರಬೇಕು. ಹತ್ತೋ ಇಪ್ಪತ್ತೋ."

"ಎಚ್‌ಎಫ್ ಹಸುವೋ, ನಾಟಿಯೋ?"

"ಅದೆಲ್ಲ ನಂಗೇನು ಗೊತ್ತು ಸ್ವಾಮಿ. ವಿಷಯ ಏನಪ್ಪಾ ಅಂದ್ರೆ..."

ಎದುರು ಪಂಕ್ತಿಯಿಂದ ಪಂಚೆಯವರೊಬ್ಬರು ಕೋಸಂಬರಿ ನಡುವೆ ತಲೆಯೆತ್ತಿದರು. "ನಾಟಿ ಸಾಕಿದ್ರೆ ಕಷ್ಟ ಕಣ್ರೀ. ನಮ್ಮನೇಲಿ ಮಲೆನಾಡು ಗಿಡ್ಡ ಇದೆ. ಹಾಲು ಎರಡು ಲೀಟರ್ ಕೊಟ್ರೆ ಹಬ್ಬ. ಡೇರಿಗೆ ಹಾಕಿದ್ರೆ ಏನೂ ಗಿಟ್ಟಲ್ಲ." ಅವರ ಪಕ್ಕದವರು, ಡೇರಿಯಲ್ಲಿ ಫ್ಯಾಟ್, ಎಸ್‌ಎನ್‌ಎಫ್ ನೋಡಿ ದುಡ್ಡು ಕೊಡುತ್ತಾರೆ, ಗಿಡ್ಡದ ಹಾಲನ್ನು ಡೇರಿಗೆ ಹಾಕಬಾರದು, ಮನೆಮನೆಗೆ ಮಾರಬೇಕು ಅಂದರು. ಅನ್ನ ಬಡಿಸುವ ಹುಡುಗ ಬಕೆಟ್ ಹಿಡಿದು ನಿಂತೇ, ತಮ್ಮೂರಲ್ಲಿ ಮೇವಿನ ಜೋಳ ಕತ್ತರಿಸಿ ಗುಂಡಿಯಲ್ಲಿ ಹುದುಗಿಸಿಟ್ಟು ಬೇಸಿಗೆಗೆ ಹಾಕುತ್ತಾರೆ ಎಂದು ಸೇರಿಸಿದ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು, ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಕರೆಯುವವರು ಯಾರು, ಅವನೋ ಅವನ ಹೆಂಡತಿಯೋ ಎಂದು ಕೇಳಿದರು. ಇಡೀ ಪಂಕ್ತಿ ಒಂದು ಕ್ಷಣ ಸುಮ್ಮನಾಯಿತು, ಏಕೆಂದರೆ ಅದೇ ಅತ್ಯಂತ ಒಳ್ಳೆಯ ಪ್ರಶ್ನೆ, ಅದು ಯಾವ ಗಂಡಸಿಗೂ ಹೊಳೆದಿರಲಿಲ್ಲ. ಪಾಯಸ ಬರುವ ಹೊತ್ತಿಗೆ ಮೂರು ಜನ ಆ ಹುಡುಗನ ಫೋನ್ ನಂಬರು ಕೇಳಿ ಆಗಿತ್ತು.

ಸುದ್ದಿ ತಂದ ಹಿರಿಯರು ಮಾತ್ರ ಚಡಪಡಿಸುತ್ತಿದ್ದರು. "ಅಲ್ರೀ, ನಾನು ಹೇಳೋಕೆ ಹೊರಟಿದ್ದು ಅದಲ್ಲ" ಅಂದರು. ಏನು ಹೇಳಲು ಹೊರಟಿದ್ದರು ಎಂದು ಯಾರೂ ಕೇಳಲಿಲ್ಲ. ಅಷ್ಟರಲ್ಲಿ ಮಜ್ಜಿಗೆ ಬಂತು, ಅದು ಯಾವ ಹಸುವಿನದು ಎಂಬ ಚರ್ಚೆ ಶುರುವಾಯಿತು.